‘ಟಿಶ್’ ಎಂದಲ್ಲ, ‘ಡೇರ್ ಟಿಶ್’ ಎಂದೇ ಕಲಿಯಿರಿ

ಮೇಡಂ, ಜರ್ಮನ್ ಭಾಷೆಯ ಎ1 (ಮೊದಲ ಹಂತದ) ಪರೀಕ್ಷೆಗೆಂದು ನೀವು ಇಲ್ಲಿ ಹಾಕಿರುವ ಪದಗಳ ಪಟ್ಟಿ ನೋಡಿದೆ. ‘ಟಿಶ್: ಮೇಜು, ಟಸೆ: ಕಪ್, ಬೂಖ್: ಪುಸ್ತಕ’ ಎಂದು ಆರ್ಟಿಕಲ್ (ಪದದ ಮುಂದೆ ನಿಂತು ಲಿಂಗ ತೋರಿಸುವ ಡೇರ್, ಡೀ, ಡಸ್) ಬಿಟ್ಟು ಬಾಯಿಪಾಠ ಮಾಡುತ್ತಿದ್ದೀರಿ. ಅದರ ಫಲ ಪಟ್ಟಿಯ ಕೆಳಗೆ ನೀವು ಬರೆದ ವಾಕ್ಯದಲ್ಲೇ ಕಾಣುತ್ತಿದೆ: ‘ಡಸ್ ಟಿಶ್ ಇಸ್ಟ್ ನೊಯ್. ಎಸ್ ಇಸ್ಟ್ ಗ್ರೋಸ್.’ (ಮೇಜು ಹೊಸದು. ಅದು ದೊಡ್ಡದು.) ನಾನೂ ಹೀಗೇ ಶುರುಮಾಡಿದವನು. ಮೊದಲು ಬರೀ ಪದ, ಲಿಂಗ ಆಮೇಲೆ ಎಂದರೆ ಆ ‘ಆಮೇಲೆ’ ಬರುವುದೇ ಇಲ್ಲ. ದಯವಿಟ್ಟು ಆ ಪಟ್ಟಿಯನ್ನು ಇವತ್ತೇ ಹೊಸದಾಗಿ ಬರೆಯಿರಿ.

ನಮಗೆ ಜೀವವಿಲ್ಲದ್ದೆಲ್ಲ ‘ಅದು’. ಹಾಗಾಗಿ ಏನು ಕಂಡರೂ ಬಾಯಿಗೆ ‘ಎಸ್’ (ಅದು) ಬರುತ್ತದೆ. ಜರ್ಮನ್ನಿನಲ್ಲಿ ಮೇಜು ಪುಲ್ಲಿಂಗ: ‘ಡೇರ್ ಟಿಶ್’. ಆದ್ದರಿಂದ ‘ಏರ್ (ಅವನು) ಇಸ್ಟ್ ಗ್ರೋಸ್’. ಯಾಕೆ ಎಂದು ಕೇಳುತ್ತಾ ಕೂರಬೇಡಿ. ಬಹುವಚನ ‘ಡೀ ಟಿಷೆ’ಯನ್ನೂ ಜೊತೆಗೇ ಕಲಿತುಬಿಡಿ.

ನಿಮ್ಮ ಇನ್ನೊಂದು ವಾಕ್ಯ, ‘ಇಶ್ ಶ್ಟೆಲೆ ಡೀ ಟಸೆ ಔಫ್ ಡೇಮ್ ಟಿಶ್’ (ಕಪ್ಪನ್ನು ಮೇಜಿನ ಮೇಲೆ ಇಡುತ್ತೇನೆ). ಇಲ್ಲಿ ‘ಔಫ್ ಡೇನ್ ಟಿಶ್’ ಆಗಬೇಕು; ವಿಭಕ್ತಿಗೆ ತಕ್ಕಂತೆ ಡೇರ್ ಎಂಬುದೇ ಡೇನ್ ಅಥವಾ ಡೇಮ್ ಆಗುತ್ತದೆ. ‘ಎಲ್ಲಿಗೆ’ ಎಂದು ಕೇಳಿದರೆ ಡೇನ್, ‘ಎಲ್ಲಿ’ ಎಂದು ಕೇಳಿದರೆ ಡೇಮ್ ಎಂಬ ಸೂತ್ರವನ್ನು ನಿಮಗೂ ಹೇಳಿಕೊಟ್ಟಿರುತ್ತಾರೆ. ಅದು ಕನ್ನಡದವರಿಗೆ ಸರಿಯಾದ ಸಮಯಕ್ಕೇ ಕೈಕೊಡುತ್ತದೆ. ‘ಕಪ್ಪನ್ನು ಎಲ್ಲಿ ಇಡಲಿ’ ಎನ್ನುತ್ತೇವೆಯೇ ಹೊರತು ‘ಎಲ್ಲಿಗೆ ಇಡಲಿ’ ಎಂದು ಯಾರೂ ಕೇಳುವುದಿಲ್ಲ. ಇಟ್ಟರೂ ‘ಮೇಜಿನ ಮೇಲೆ’, ಇದ್ದರೂ ‘ಮೇಜಿನ ಮೇಲೆ’. ಸೂತ್ರ ಬಿಟ್ಟು ಕೈಯನ್ನು ನಂಬಿ.

ನಾನು ಮಾಡುವುದು ಇಷ್ಟು: ಮನೆಯ ಮೇಜಿನ ಮೇಲೆ ಏನಿಟ್ಟರೂ ಜೋರಾಗಿ ಎರಡು ವಾಕ್ಯ ಹೇಳುತ್ತೇನೆ. ಕಪ್ ಕೈಯಿಂದ ಇಳಿಯುತ್ತಿರುವಾಗ ‘ಇಶ್ ಶ್ಟೆಲೆ ಡೀ ಟಸೆ ಔಫ್ ಡೇನ್ ಟಿಶ್’. ಕೈ ಬಿಟ್ಟ ಮೇಲೆ ‘ಡೀ ಟಸೆ ಶ್ಟೇಟ್ ಔಫ್ ಡೇಮ್ ಟಿಶ್’ (ಕಪ್ ಮೇಜಿನ ಮೇಲೆ ನಿಂತಿದೆ). ಪುಸ್ತಕವಾದರೆ ಕ್ರಿಯಾಪದವೇ ಬೇರೆ, ಏಕೆಂದರೆ ಅದು ಮಲಗಿರುತ್ತದೆ: ‘ಇಶ್ ಲೇಗೆ ಡಸ್ ಬೂಖ್ ಔಫ್ ಡೇನ್ ಟಿಶ್’, ಆಮೇಲೆ ‘ಡಸ್ ಬೂಖ್ ಲೀಕ್ಟ್ ಔಫ್ ಡೇಮ್ ಟಿಶ್’. ಕೈ ಚಲಿಸುತ್ತಿದ್ದರೆ ಡೇನ್, ವಸ್ತು ನೆಲೆ ನಿಂತರೆ ಡೇಮ್. ಮನೆಯವರು ವಿಚಿತ್ರವಾಗಿ ನೋಡಿದರೆ ನೋಡಲಿ, ಬಿಡಬೇಡಿ. ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದು. ‘ನ್’ ಮತ್ತು ‘ಮ್’ ತುಟಿಯಲ್ಲಿ ಬೇರೆಯಾಗಬೇಕು.

ಎಚ್ಚರಿಕೆ: ಬಹುವಚನದಲ್ಲಿ ‘ಔಫ್ ಡೇನ್ ಟಿಷೆನ್’ (ಮೇಜುಗಳ ಮೇಲೆ) ಬರುತ್ತದೆ. ಅಲ್ಲಿನ ಡೇನ್ ಚತುರ್ಥಿಯದು (ಏಕವಚನದ ಡೇಮ್‌ನ ವಿಭಕ್ತಿ), ಪದದ ಕೊನೆಗೆ ‘ನ್’ ಸೇರಿರುವುದೇ ಗುರುತು. ಮೇಜಿನ ಬಳಿ ಕುರ್ಚಿಯಲ್ಲಿ ಕುಳಿತಿದ್ದರೆ ‘ಅಮ್ ಟಿಶ್’ ಎನ್ನಬೇಕು. ‘ಔಫ್ ಡೇಮ್ ಟಿಶ್’ ಎಂದರೆ ಮೇಜಿನ ಹಲಗೆಯ ಮೇಲೆಯೇ ಹತ್ತಿ ಕುಳಿತಿದ್ದೀರಿ ಎಂದಾಗುತ್ತದೆ. ಹೋಟೆಲಿಗೆ ಫೋನ್ ಮಾಡುವಾಗ ‘ಐನೆನ್ ಟಿಶ್ ಫ್ಯೂರ್ ಟ್ಸ್ವೈ ಪೆರ್ಸೋನೆನ್’ (ಇಬ್ಬರಿಗೆ ಒಂದು ಮೇಜು) ಎನ್ನಿ. ‘ಐನ್ ಟಿಶ್’ ಎಂದರೂ ಅವರಿಗೆ ಅರ್ಥವಾಗುತ್ತದೆ, ಆದರೆ ಅಭ್ಯಾಸ ಕೆಡುತ್ತದೆ.

ಆಟದಂತೆ ಅಂಕ ಕೊಡುವ ಆ್ಯಪ್‌ಗಳ ಮೇಲೆ ನನಗೆ ನಂಬಿಕೆಯಿಲ್ಲ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತುವುದು ಮಾತಲ್ಲ. ಕಾರ್ಡು ತೋರಿಸಿ ನೆನಪು ಮಾಡಿಸುವ ಆ್ಯಪ್ ಆಂಕಿ ಒಳ್ಳೆಯದು, ಆದರೆ ಕಾರ್ಡುಗಳನ್ನು ನೀವೇ ಮಾಡಿ. ಬೇರೆಯವರು ಮಾಡಿಟ್ಟದ್ದನ್ನು ಇಳಿಸಿಕೊಳ್ಳುವುದು ಸೋಮಾರಿತನ. ಡೇರ್ ನೀಲಿ, ಡೀ ಕೆಂಪು, ಡಸ್ ಹಸಿರು ಶಾಯಿಯಲ್ಲಿ ಬರೆಯಿರಿ. ಸಂದೇಹ ಬಂದರೆ ಡೂಡೆನ್ ನಿಘಂಟು ನೋಡಿ, ಲಿಂಗವೂ ಬಹುವಚನವೂ ಅಲ್ಲಿವೆ. ನಾಮಪದದ ಮೊದಲ ಅಕ್ಷರ ದೊಡ್ಡದಿರಲಿ, ನಿಮ್ಮ ಪಟ್ಟಿಯಲ್ಲಿ ಎಲ್ಲವೂ ಸಣ್ಣಕ್ಷರ.

ಒಂದು ಲಾಭವನ್ನೂ ಹೇಳುತ್ತೇನೆ. ಸಮಾಸಪದದ ಲಿಂಗ ಕೊನೆಯ ಪದದ್ದು. ಬರೆಯುವ ಮೇಜು ‘ಶ್ರೈಪ್‌ಟಿಶ್’, ಊಟದ ಮೇಜು ‘ಎಸ್‌ಟಿಶ್’, ಎರಡೂ ಡೇರ್. ಮೇಜಿನ ಹೊದಿಕೆ ಮಾತ್ರ ‘ಡೀ ಟಿಶ್‌ಡೆಕೆ’, ಏಕೆಂದರೆ ‘ಡೆಕೆ’ ಸ್ತ್ರೀಲಿಂಗ. ಹೊಸ ಪಟ್ಟಿ ಬರೆದ ಮೇಲೆ ಇಲ್ಲೇ ಹಾಕಿ, ತಿದ್ದಿಕೊಡುತ್ತೇನೆ.