ತಿಂಗಳ ಲೆಕ್ಕ ಸರಿಯಿದ್ದರೂ ಹಣ ಉಳಿಯದಿದ್ದರೆ

ಪ್ರಶ್ನೆ: ನಾವು ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು ಕಾಫಿ ಕ್ಯೂರಿಂಗ್ ಘಟಕದ ನೌಕರ, ಪತ್ನಿ ಖಾಸಗಿ ಶಾಲೆಯ ಶಿಕ್ಷಕಿ. ಇಬ್ಬರ ಸಂಬಳ ಸೇರಿ ತಿಂಗಳಿಗೆ 45,000 ರೂಪಾಯಿ. ಮಗಳಿಗೆ ಮೂರು ವರ್ಷ. ಬಾಡಿಗೆ, ದಿನಸಿ, ಪೆಟ್ರೋಲ್, ಬೈಕ್ ಸಾಲದ ಕಂತು, 3,000 ರೂಪಾಯಿಯ ಚೀಟಿ ಎಲ್ಲವನ್ನೂ ಬರೆದಿಟ್ಟರೆ ಖರ್ಚು 33,000 ದಾಟುವುದಿಲ್ಲ. ಆದರೂ ಖಾತೆಯಲ್ಲಿ ಏನೂ ಉಳಿಯುತ್ತಿಲ್ಲ. ಮೂಡಿಗೆರೆ ಬಳಿಯ ಒಂದೂವರೆ ಎಕರೆ ಕಾಫಿ ತೋಟದಿಂದ ವರ್ಷಕ್ಕೊಮ್ಮೆ ಬರುವ ಹಣವೂ ನಿಲ್ಲುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ನೀವು ಬರೆದಿಟ್ಟ ಬಾಬ್ತುಗಳಲ್ಲಿ ದುಂದುವೆಚ್ಚ ಕಾಣುತ್ತಿಲ್ಲ. ಆದರೆ ಜೂನ್ ತಿಂಗಳ ಶಾಲಾ ಶುಲ್ಕ, ಗೌರಿ ಹಬ್ಬದಿಂದ ದೀಪಾವಳಿಯವರೆಗಿನ ಬಟ್ಟೆಬರೆ, ಮದುವೆ ಗೃಹಪ್ರವೇಶಗಳ ಮುಯ್ಯಿ, ಮಳೆಗಾಲದ ಜ್ವರಕ್ಕೆ ಆಸ್ಪತ್ರೆ, ಬೈಕಿನ ವಿಮೆ, ಊರಿನ ಜಾತ್ರೆ ಇವು ಯಾವುವೂ ಅಲ್ಲಿಲ್ಲ. ಬಂದಾಗ ನೋಡಿಕೊಳ್ಳೋಣವೆಂದು ಹೆಚ್ಚಿನ ಮನೆಗಳಲ್ಲಿ ಇವನ್ನು ಪುಸ್ತಕದಿಂದ ಹೊರಗಿಡುತ್ತಾರೆ, ಆದರೆ ಇವು ಪ್ರತಿ ವರ್ಷ ತಪ್ಪದೆ ಬರುತ್ತವೆ. ಶುಲ್ಕಕ್ಕೆ 30,000, ಹಬ್ಬಗಳಿಗೆ 24,000, ಮುಯ್ಯಿಗೆ 18,000, ಆಸ್ಪತ್ರೆಗೆ 12,000, ವಿಮೆಗೂ ಊರಿನ ಓಡಾಟಕ್ಕೂ ಸೇರಿ 12,000 ಎಂದಿಟ್ಟುಕೊಂಡರೆ ವರ್ಷಕ್ಕೆ 96,000, ಅಂದರೆ ತಿಂಗಳಿಗೆ 8,000 ರೂಪಾಯಿ ಆಗುತ್ತದೆ. ನಿಮ್ಮ ಕೈಯಲ್ಲಿ ಉಳಿಯಬೇಕೆಂದು ನೀವು ಭಾವಿಸಿರುವ 12,000ದಲ್ಲಿ ನಿಜವಾಗಿ ಉಳಿತಾಯಕ್ಕೆ ಸಿಗುವುದು 4,000 ಮಾತ್ರ. ಇದನ್ನು ಅರಿಯದೆ 12,000ದ ಆರ್‌ಡಿ (ತಿಂಗಳ ಕಂತಿನ ಬ್ಯಾಂಕ್ ಠೇವಣಿ) ಆರಂಭಿಸಿದವರು ಶುಲ್ಕ ಕಟ್ಟುವ ಹೊತ್ತಿಗೆ ಅದನ್ನು ಮುರಿಯಬೇಕಾಗುತ್ತದೆ.

ಆದ್ದರಿಂದ ಕಳೆದ ಹನ್ನೆರಡು ತಿಂಗಳ ಪಾಸ್‌ಬುಕ್ಕನ್ನು ದಂಪತಿ ಇಬ್ಬರೂ ಒಟ್ಟಿಗೆ ಕುಳಿತು ನೋಡಿ ನಿಮ್ಮದೇ ವಾರ್ಷಿಕ ಪಟ್ಟಿ ಮಾಡಿಕೊಳ್ಳಿ. ಅದರ ಹನ್ನೆರಡನೇ ಒಂದು ಭಾಗವನ್ನು ಸಂಬಳ ಬಂದ ದಿನವೇ, ಯುಪಿಐಗೆ ಜೋಡಿಸದ ಇನ್ನೊಂದು ಖಾತೆಗೆ ವರ್ಗಾಯಿಸಿ. ದಿನದ ಖರ್ಚನ್ನು ಪೈಸೆ ಪೈಸೆಯಾಗಿ ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ವಾರಕ್ಕೊಮ್ಮೆ ಯುಪಿಐ ವಿವರ ನೋಡಿ ಐದಾರು ಬಾಬ್ತುಗಳಾಗಿ ಕೂಡಿಸಿದರೆ ಸಾಕು.

ತೋಟದ ಹಣಕ್ಕೆ ಬೇರೆಯೇ ಪುಸ್ತಕವಿರಲಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ ನಡೆದು, ರೋಬಸ್ಟಾ ಅದರ ನಂತರ ಬರುವುದರಿಂದ, ಮಾರಾಟದ ಹಣ ವರ್ಷದ ಮೊದಲ ತಿಂಗಳುಗಳಲ್ಲಿ ಒಮ್ಮೆಗೇ ಕೈಸೇರುತ್ತದೆ. ಆದರೆ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ನೀರು ಹಾಯಿಸುವುದು, ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು), ಗೊಬ್ಬರ, ರೋಗ ತಡೆಯಲು ಮುಂಗಾರಿಗೆ ಮುಂಚಿನ ಬೋರ್ಡೊ ದ್ರಾವಣದ ಸಿಂಪಡಣೆ, ಮುಂದಿನ ಕೊಯ್ಲಿನ ಕೂಲಿ ಇವೆಲ್ಲ ಆಮೇಲೆ ಒಂದೊಂದಾಗಿ ಎದುರಾಗುತ್ತವೆ. ಕಳೆದ ವರ್ಷ ತೋಟಕ್ಕೆ ಹಾಕಿದಷ್ಟು ಹಣವನ್ನು ಮೊದಲೇ ತೆಗೆದಿರಿಸಿ, ಮಿಕ್ಕಿದ್ದನ್ನು ಮನೆಯ ಆಪತ್ಧನಕ್ಕೆ ಹಾಕಿ. ಮೂರು ತಿಂಗಳ ಖರ್ಚು, ಅಂದರೆ ಸುಮಾರು ಒಂದು ಲಕ್ಷ ರೂಪಾಯಿ ಬ್ಯಾಂಕಿನಲ್ಲಿ ಕೂಡುವವರೆಗೆ ಕಾಫಿಯ ಆದಾಯದಿಂದ ಚಿನ್ನವನ್ನಾಗಲಿ ವಾಹನವನ್ನಾಗಲಿ ಕೊಳ್ಳಬೇಡಿ ಎಂಬುದು ನನ್ನ ಕಳಕಳಿಯ ಸಲಹೆ. ಒಳ್ಳೆಯ ಬೆಲೆ ಸಿಕ್ಕ ವರ್ಷವನ್ನೇ ಪ್ರತಿ ವರ್ಷದ ಲೆಕ್ಕವೆಂದು ತಿಳಿಯುವುದೂ ಅಪಾಯಕರ.

ತಿಂಗಳ 4,000ದಲ್ಲಿ ಒಂದು ಪಾಲನ್ನು ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ ಹಾಕಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿದರೂ ಖಾತೆ ಚಾಲ್ತಿಯಲ್ಲಿರುತ್ತದೆ; ಆದರೆ ಮಗಳಿಗೆ 18 ತುಂಬುವ ಅಥವಾ ಅವಳು ಹತ್ತನೇ ತರಗತಿ ಮುಗಿಸುವ ಮೊದಲು ಓದಿಗೂ ಅದರಿಂದ ತೆಗೆಯಲಾಗದ ಕಾರಣ ಎಲ್ಲವನ್ನೂ ಅಲ್ಲಿ ಕಟ್ಟಿಹಾಕಬೇಡಿ, ಉಳಿದದ್ದು ಆರ್‌ಡಿಯಲ್ಲಿರಲಿ.

ಚೀಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ಇರುವ ವಿಮೆ ಚೀಟಿಗಿಲ್ಲ. ನಿಮ್ಮದು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ನಡೆಸುವವರನ್ನೇ ಕೇಳಿ, ದಾಖಲೆ ನೋಡಿ. ನೋಂದಣಿ ಇಲ್ಲದಿದ್ದರೆ ನಡೆಯುತ್ತಿರುವ ಚೀಟಿ ಮುಗಿದ ಮೇಲೆ ಹೊಸದಕ್ಕೆ ಸೇರದೆ, ಆ 3,000 ರೂಪಾಯಿಯನ್ನೂ ಆರ್‌ಡಿಗೆ ತಿರುಗಿಸಿ.