ಎರಡು ವಾರದಿಂದ ಬರೀ ನೋಡುತ್ತಾ ಕೂತಿದ್ದೇನೆ, ಇದು ತರಬೇತಿಯೇ?

ಪ್ರಶ್ನೆ: ಪುಟ್ಟ ಮಕ್ಕಳ ಶಿಕ್ಷಕಿಯಾಗಲು ಓದುತ್ತಿದ್ದೇನೆ. ಪ್ರಾಯೋಗಿಕ ತರಬೇತಿಗೆಂದು ನರ್ಸರಿಯೊಂದಕ್ಕೆ ಹೋಗತೊಡಗಿ ಎರಡು ವಾರವಾಯಿತು. ‘ಮೂಲೆಯಲ್ಲಿ ಕೂತು ನೋಡಿ, ಬರೆದುಕೊಳ್ಳಿ’ ಎನ್ನುವುದು ಬಿಟ್ಟರೆ ಬೇರೆ ಕೆಲಸ ಕೊಟ್ಟಿಲ್ಲ. ಮುಂದಿನ ವಾರ ನಾನೇ ಚಟುವಟಿಕೆ ನಡೆಸಬೇಕು, ಕಾಲೇಜಿನ ಮೇಲ್ವಿಚಾರಕರು ಹಿಂದೆ ಕೂತು ನೋಡುತ್ತಾರಂತೆ. ನೆನೆಸಿಕೊಂಡರೆ ಕೈಕಾಲು ತಣ್ಣಗಾಗುತ್ತದೆ. ಸಾಲದ್ದಕ್ಕೆ ತರಗತಿಯ ಶಿಕ್ಷಕಿ ಒಂದು ಹೇಳಿದರೆ ಕಾಲೇಜಿನವರು ಇನ್ನೊಂದು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ನಿಮ್ಮ ನೋಟ್‌ಬುಕ್ ತೆಗೆದು ಏನು ಬರೆದಿದ್ದೀರಿ ನೋಡಿ. ‘ಈ ಹುಡುಗ ಬಹಳ ಹಟಮಾರಿ’ ಎಂದಿದೆಯೇ? ಹಾಗಿದ್ದರೆ ಅದು ನೀವು ಕಂಡದ್ದಲ್ಲ, ಕೊಟ್ಟ ತೀರ್ಪು. ‘ಕಟ್ಟಿದ ಗೋಪುರ ಬಿತ್ತು. ಪಕ್ಕದ ಹುಡುಗಿಯನ್ನು ನೋಡಿದ. ಎರಡು ಬ್ಲಾಕ್ ಎಸೆದು ಮೇಜಿನ ಕೆಳಗೆ ಹೋಗಿ ಕೂತ’ ಎಂದು ಬರೆದಿದ್ದರೆ ಅದರಿಂದ ಮುಂದಿನ ಪ್ರಶ್ನೆ ಹುಟ್ಟುತ್ತದೆ: ಗೋಪುರ ತಾನಾಗಿ ಬಿತ್ತೋ, ಯಾರಾದರೂ ತಳ್ಳಿದರೋ? ಹಟಮಾರಿ ಎಂದ ಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. 1924ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಶುರುವಾದ ಮಾಲ್ಟಿಂಗ್ ಹೌಸ್ ಶಾಲೆಯಲ್ಲಿ ಅದರ ಮುಖ್ಯಸ್ಥೆ ಸೂಸನ್ ಐಸಾಕ್ಸ್, ಮಕ್ಕಳು ಆಡಿದ್ದು ಮಾಡಿದ್ದನ್ನೆಲ್ಲ ಹೀಗೆಯೇ ವಿವರವಾಗಿ ಬರೆದಿಡಿಸುತ್ತಿದ್ದರು. ಅವರು ಮುಂದೆ ಬರೆದ ಪುಸ್ತಕಗಳಿಗೆ ಆ ಟಿಪ್ಪಣಿಗಳೇ ಆಧಾರ.

ನೋಡದೆ ಕೈಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಎರಡೂವರೆ ವರ್ಷದ ಇಬ್ಬರು ಅಕ್ಕಪಕ್ಕ ಕೂತು ಒಂದೇ ಬಗೆಯ ಆಟಿಕೆಯಲ್ಲಿ ಆಡುತ್ತಿದ್ದಾರೆ, ಒಬ್ಬರಿಗೊಬ್ಬರು ಮಾತಿಲ್ಲ. ಹೊಸ ಶಿಕ್ಷಕಿಯರು ಪಾಪ ಎಂದುಕೊಂಡು ‘ಬನ್ನಿ, ಸೇರಿ ಆಡಿ’ ಎಂದು ಎಳೆದು ಕೂರಿಸುತ್ತಾರೆ, ಐದೇ ನಿಮಿಷಕ್ಕೆ ಅಳು. ಹೀಗೆ ಅಕ್ಕಪಕ್ಕ ಕೂತು ತಮ್ಮಷ್ಟಕ್ಕೆ ಆಡುವುದಕ್ಕೆ ಸಮಾನಾಂತರ ಆಟ ಎಂದು ಹೆಸರು, ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಇದನ್ನು ವಿವರಿಸಿದ್ದಾರೆ. ಆ ವಯಸ್ಸಿಗೆ ಅದು ಕೊರತೆಯಲ್ಲ.

ಇನ್ನು ಮೇಲ್ವಿಚಾರಕರ ಭಯ. ಅವರು ಬರುವ ಮುಂಚೆಯೇ ಹತ್ತು ನಿಮಿಷ ಕೇಳಿ ಪಡೆದು, ‘ಈ ಸಲ ಇದೊಂದನ್ನು ಗಮನಿಸಿ’ ಎಂದು ನೀವೇ ಹೇಳಿ. ನಾನಾದರೆ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಮೌನವನ್ನು ಆರಿಸಿಕೊಳ್ಳುತ್ತೇನೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೂ ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಬಾಯಿಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿಕೊಟ್ಟರು. ಅವರು ನೋಡಿದ್ದು ಶಾಲಾ ಮಕ್ಕಳನ್ನು; ಮಾತು ಈಗಷ್ಟೇ ಕೂಡಿಸಿಕೊಳ್ಳುತ್ತಿರುವ ನಿಮ್ಮ ಪುಟಾಣಿಗಳಿಗೆ ಇನ್ನೂ ಸ್ವಲ್ಪ ಹೆಚ್ಚೇ ಬೇಕು. ನೀವು ಎಷ್ಟು ಹೊತ್ತು ಕಾಯುತ್ತೀರಿ ಎಂದು ಮೇಲ್ವಿಚಾರಕರು ಎಣಿಸಲಿ. (ಮೊದಲ ದಿನ ಆ ಮೂರು ಸೆಕೆಂಡು ಮೂರು ನಿಮಿಷದಂತೆ ಕಾಡುತ್ತದೆ, ಸಹಿಸಿಕೊಳ್ಳಿ.) ಆಗ ಅವರ ಕೈಯಲ್ಲಿ ಗೀಚಾಟದ ಬದಲು ಒಂದು ಲೆಕ್ಕವಿರುತ್ತದೆ, ನಿಮಗೂ ಮನೆಗೆ ಒಯ್ಯಲು ಏನಾದರೂ ಸಿಗುತ್ತದೆ.

ಎರಡು ಕಡೆಯ ಮಾತು ಹೊಂದದಿದ್ದಾಗ, ಮಕ್ಕಳೆದುರು ತರಗತಿಯ ಶಿಕ್ಷಕಿಯ ಮಾತೇ ನಡೆಯಲಿ. ಮಕ್ಕಳ ದಿನಚರಿ ಅವರ ಕೈಯಲ್ಲಿದೆ, ನೀವು ಬಂದು ಹೋಗುವವರು. ಭಿನ್ನಾಭಿಪ್ರಾಯವನ್ನು ಡೈರಿಗೆ ಬರೆದು, ಮೂವರೂ ಒಟ್ಟಿಗೆ ಕೂತಾಗ ಎತ್ತಿ. ಇಬ್ಬರ ನಡುವೆ ಚಾಡಿ ಸಾಗಿಸುವ ಅಂಚೆಯವರು ಮಾತ್ರ ಆಗಬೇಡಿ. ಮಗುವಿಗೆ ಪೆಟ್ಟು ಬೀಳುವುದು, ಬೆದರಿಕೆ ಹಾಕುವುದು ಕಂಡರೆ ಈ ಸೌಜನ್ಯವೆಲ್ಲ ಪಕ್ಕಕ್ಕಿಟ್ಟು ಅಂದೇ ಕಾಲೇಜಿಗೆ ತಿಳಿಸಿ. ಹಾಗೆಯೇ, ‘ಒಂದರ್ಧ ಗಂಟೆ ನೋಡಿಕೊಂಡಿರಿ’ ಎಂದು ಮಕ್ಕಳನ್ನು ನಿಮ್ಮೊಬ್ಬರ ಮೇಲೆ ಬಿಟ್ಟು ಹೋದರೆ ಒಪ್ಪಬೇಡಿ. ನೀವಿನ್ನೂ ಕಲಿಯುತ್ತಿರುವವರು.

ತಣ್ಣಗಾದ ಕೈಕಾಲಿಗೆ ನನ್ನಲ್ಲಿ ಔಷಧಿಯಿಲ್ಲ. ಆದರೆ ಹತ್ತು ನಿಮಿಷ ಕಳೆಯುವುದರೊಳಗೆ ಯಾವುದಾದರೂ ಮಗು ಹಿಂದೆ ಕೂತ ಮೇಲ್ವಿಚಾರಕರ ಮಡಿಲಿಗೂ ನಾಲ್ಕು ಬ್ಲಾಕ್ ತಂದು ಸುರಿಯುತ್ತದೆ, ನೋಡುತ್ತಿರಿ.