ಲಾ ಮಾಸಿಯಾ ಕನಸು ಕಾಣುವ ಮಕ್ಕಳ ಮನೆಯವರಿಗೆ

ಪ್ರಶ್ನೆ: ಮಗನಿಗೆ 11 ವರ್ಷ. ಫುಟ್‌ಬಾಲ್ ಅಂದರೆ ಪ್ರಾಣ. ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನ ಲಾ ಮಾಸಿಯಾ ಅಕಾಡೆಮಿಗೆ ಸೇರಿಸುತ್ತೇವೆ ಅಂತ ಒಬ್ಬರು ಲಕ್ಷಗಟ್ಟಲೆ ಕೇಳುತ್ತಿದ್ದಾರೆ. ಕೊಡಬಹುದಾ?
– ಹುಬ್ಬಳ್ಳಿಯ ಓದುಗರು

ಉತ್ತರ: ಕೊಡಬೇಡಿ. ಒಂದು ರೂಪಾಯಿಯನ್ನೂ ಕೊಡಬೇಡಿ.

ನಿಮ್ಮ ಮಗ ಎಷ್ಟೇ ಚೆನ್ನಾಗಿ ಆಡಲಿ, ಜಗತ್ತಿನ ಫುಟ್‌ಬಾಲ್ ನೋಡಿಕೊಳ್ಳುವ ಸಂಸ್ಥೆ ಫಿಫಾದ ನಿಯಮ ಅಡ್ಡ ಬರುತ್ತದೆ. 18 ತುಂಬದ ಮಕ್ಕಳನ್ನು ಬೇರೆ ದೇಶದ ಕ್ಲಬ್ಬು ನೋಂದಾಯಿಸಿಕೊಳ್ಳುವಂತಿಲ್ಲ. ಕೆಲವು ವಿನಾಯಿತಿಗಳಿವೆ. ತಂದೆ ತಾಯಿ ಫುಟ್‌ಬಾಲಿಗೆ ಸಂಬಂಧವೇ ಇಲ್ಲದ ಕಾರಣಕ್ಕೆ, ಅಂದರೆ ತಮ್ಮ ಕೆಲಸಕ್ಕೋ ಮತ್ತೊಂದಕ್ಕೋ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಮಗು ಅಲ್ಲಿ ಆಡಬಹುದು. ಯುರೋಪಿಯನ್ ಒಕ್ಕೂಟದ ಒಳಗೆ 16 ದಾಟಿದವರಿಗೆ ಅವಕಾಶ ಇದೆ. ಹುಬ್ಬಳ್ಳಿಯಲ್ಲಿರುವ 11ರ ಹುಡುಗನಿಗೆ ಇವೆರಡೂ ಅನ್ವಯಿಸುವುದಿಲ್ಲ.

ಈ ನಿಯಮ ಕಾಗದದ ಮೇಲೆ ಮಾತ್ರ ಇರುವುದಲ್ಲ. ಇದನ್ನು ಮುರಿದಿದ್ದಕ್ಕೆ 2014ರಲ್ಲಿ ಫಿಫಾ ಬಾರ್ಸಿಲೋನಾಗೇ ದಂಡ ಹಾಕಿತು. ಆಟಗಾರರು ಕ್ಲಬ್ಬು ಬದಲಾಯಿಸುವ 2015ರ ಎರಡೂ ವರ್ಗಾವಣೆ ಅವಧಿಗಳಲ್ಲಿ ಕ್ಲಬ್ಬು ಹೊಸಬರನ್ನು ನೋಂದಾಯಿಸಿಕೊಳ್ಳದಂತೆ ತಡೆಯಿತು. ಇದರ ಪೆಟ್ಟು ಮಕ್ಕಳಿಗೂ ಬಿತ್ತು. ಜಪಾನಿನ ಟಕೆಫುಸಾ ಕುಬೊ 10ರ ವಯಸ್ಸಿನಲ್ಲಿ ಲಾ ಮಾಸಿಯಾ ಸೇರಿದ್ದ. ಪಂದ್ಯ ಆಡುವಂತಿಲ್ಲ ಅಂತಾದ ಮೇಲೆ 2015ರಲ್ಲಿ ಜಪಾನಿಗೆ ವಾಪಸ್ ಹೋಗಬೇಕಾಯಿತು. ಅವನು ಮತ್ತೆ ಸ್ಪೇನಿಗೆ ಬಂದಿದ್ದು 18 ತುಂಬಿದ ಮೇಲೆಯೇ. ಸ್ವತಃ ಕ್ಲಬ್ಬಿಗೇ ಮಾಡಲಾಗದ ಕೆಲಸವನ್ನು ಆ ಮಧ್ಯವರ್ತಿ ಹೇಗೆ ಮಾಡಿಕೊಡುತ್ತಾರೆ?

ಇನ್ನೊಂದು ವಿಷಯ. ಬಾರ್ಸಾ (ಬಾರ್ಸಿಲೋನಾ ಕ್ಲಬ್ಬಿನ ಚಿಕ್ಕ ಹೆಸರು) ಹೆಸರಿನಲ್ಲಿ ಹಲವು ದೇಶಗಳಲ್ಲಿ ಫೀಸ್ ಕಟ್ಟಿ ಸೇರುವ ತರಬೇತಿ ಶಾಲೆಗಳಿವೆ. ಅವೇ ಬೇರೆ, ಲಾ ಮಾಸಿಯಾನೇ ಬೇರೆ. ಲಾ ಮಾಸಿಯಾಗೆ ದುಡ್ಡು ಕೊಟ್ಟು ಸೇರಲಾಗುವುದಿಲ್ಲ. ಕ್ಲಬ್ಬಿನವರು ನೋಡಿ, ಆರಿಸಿ ಕರೆಯುತ್ತಾರೆ.

ಆ ದುಡ್ಡನ್ನು ಇಲ್ಲೇ ಬಳಸಿ. ಬಳ್ಳಾರಿ ಕಡೆಯ ವಿಜಯನಗರದಲ್ಲಿ ಬೆಂಗಳೂರು ಎಫ್‌ಸಿ ವಸತಿ ಅಕಾಡೆಮಿ ಕಟ್ಟಿದೆ. 2022ರಲ್ಲಿ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗಿನ ಮೊದಲ ಪ್ರಶಸ್ತಿ ಗೆದ್ದಿದ್ದು ಇದೇ ಕ್ಲಬ್ಬಿನ ಕಿರಿಯರ ತಂಡ. ಇಂಥ ಕ್ಲಬ್ಬುಗಳ ಟ್ರಯಲ್ಸ್ ಬಗ್ಗೆ ಅವರ ಅಧಿಕೃತ ಪ್ರಕಟಣೆಯನ್ನು ಮಾತ್ರ ನಂಬಿ. ಊರಿನ ಅಕಾಡೆಮಿಗೆ ಹಾಕುವುದಾದರೆ ಮೂರು ಪ್ರಶ್ನೆ ಕೇಳಿ. ಕೋಚ್ ಹತ್ತಿರ ಯಾವ ಲೈಸೆನ್ಸ್ ಇದೆ? ವರ್ಷಕ್ಕೆ ಎಷ್ಟು ಪಂದ್ಯ ಆಡಿಸುತ್ತೀರಿ? ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನಲ್ಲಿ ಮಗನ ಹೆಸರು ನೋಂದಾಯಿಸುತ್ತೀರಾ? ಉತ್ತರ ಕೊಡಲು ತಡವರಿಸಿದರೆ ಬೇರೆ ಕಡೆ ನೋಡಿ.

ಪ್ರಶ್ನೆ: ಮಗನಿಗೆ 13. ಚೆನ್ನಾಗಿ ಆಡುತ್ತಾನೆ, ಆದರೆ ಕುಳ್ಳ. ಕೋಚ್ ಯಾವಾಗಲೂ ಬೆಂಚಿನ ಮೇಲೆ ಕೂರಿಸುತ್ತಾರೆ. ಎತ್ತರ ಬರದಿದ್ದರೆ ಫುಟ್‌ಬಾಲ್ ಬಿಡಿಸಬೇಕಾ?
– ಬೆಂಗಳೂರಿನ ಓದುಗರು

ಉತ್ತರ: ಖಂಡಿತ ಬಿಡಿಸಬೇಡಿ. ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯ 2010ರ ಕೊನೆಯ ಸುತ್ತಿನಲ್ಲಿ ಉಳಿದಿದ್ದು ಮೆಸ್ಸಿ, ಇನಿಯೆಸ್ಟಾ, ಚಾವಿ. ಮೂವರೂ ಲಾ ಮಾಸಿಯಾದಲ್ಲಿ ಬೆಳೆದವರು. ಮೂವರ ಎತ್ತರವೂ 170 ಸೆಂ.ಮೀ. ಆಸುಪಾಸು, ಅಂದರೆ ಐದು ಅಡಿ ಏಳು ಇಂಚು. ಮೆಸ್ಸಿಗೆ ಬೆಳವಣಿಗೆಯ ಹಾರ್ಮೋನಿನ ಕೊರತೆ ಇತ್ತು. ಮೇಲೆ ಹೇಳಿದ ಫಿಫಾ ನಿಯಮ ಇನ್ನೂ ಬಂದಿರದ ಕಾಲದಲ್ಲಿ, 13ರ ವಯಸ್ಸಿನಲ್ಲಿ ಅರ್ಜೆಂಟೀನಾದಿಂದ ಬಂದಾಗ ಚಿಕಿತ್ಸೆಯ ಖರ್ಚನ್ನು ಕ್ಲಬ್ಬೇ ಹೊತ್ತಿತು.

13ರಲ್ಲಿ ಒಬ್ಬ ಹುಡುಗನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬ ಇನ್ನೂ ಚಿಕ್ಕ ಮಗುವಿನಂತೆ ಇರುತ್ತಾನೆ. ವಯಸ್ಸು ಒಂದೇ, ಮೂಳೆಯ ಬೆಳವಣಿಗೆಯಲ್ಲಿ ಎರಡು ಮೂರು ವರ್ಷದ ವ್ಯತ್ಯಾಸ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ತಂಡದಲ್ಲಿದ್ದರೆ ಈ ಅಂತರ ಇನ್ನೂ ಜಾಸ್ತಿ. ಬೇಗ ಬೆಳೆದವನು ಓಡಿ, ತಳ್ಳಿ ಗೋಲು ಹೊಡೆಯುತ್ತಾನೆ. ಕಪ್ ಗೆಲ್ಲಬೇಕೆಂಬ ಕೋಚ್ ಅವನನ್ನೇ ಆಡಿಸುತ್ತಾರೆ. ಮಕ್ಕಳ ಫುಟ್‌ಬಾಲಿನಲ್ಲಿ ನನಗೆ ತುಂಬಾ ಬೇಸರ ತರಿಸುವ ವಿಷಯ ಇದೇ. 12 ವರ್ಷದವರ ಕಪ್ಪಿಗಾಗಿ ಒಳ್ಳೆಯ ಆಟಗಾರರನ್ನು ಕಳೆದುಕೊಳ್ಳುತ್ತಿದ್ದೇವೆ. ಇಂಗ್ಲೆಂಡಿನ ಅಕಾಡೆಮಿಗಳು ಈಗ ಕೆಲವು ಪಂದ್ಯಗಳಲ್ಲಿ ಮಕ್ಕಳನ್ನು ವಯಸ್ಸಿನ ಬದಲು ದೇಹದ ಬೆಳವಣಿಗೆ ನೋಡಿ ಗುಂಪು ಮಾಡುತ್ತವೆ. ಆಗ ಚಿಕ್ಕವನಿಗೂ ಚೆಂಡು ಸಿಗುತ್ತದೆ, ದೊಡ್ಡವನೂ ಬರೀ ಬಲದಿಂದ ಗೆಲ್ಲಲು ಆಗುವುದಿಲ್ಲ.

ಮನೆ ಹತ್ತಿರ ನಾಲ್ಕೈದು ಹುಡುಗರಿದ್ದರೆ ಬಾರ್ಸಿಲೋನಾದಲ್ಲಿ ದಿನವೂ ಆಡಿಸುವ ರೊಂಡೋ ಆಡಲಿ. ನಾಲ್ವರು ಸುತ್ತ ನಿಲ್ಲಬೇಕು, ಒಬ್ಬ ನಡುವೆ. ಸುತ್ತಲಿನವರು ಒಂದೇ ಟಚ್ಚಿನಲ್ಲಿ, ಹೆಚ್ಚೆಂದರೆ ಎರಡರಲ್ಲಿ ಪಾಸ್ ಮಾಡಬೇಕು. ಚೆಂಡು ಕಳೆದುಕೊಂಡವನು ನಡುವೆ ಬರಬೇಕು. ನೋಡಲು ಸುಮ್ನೆ ಮಕ್ಕಳಾಟ ಅನ್ನಿಸುತ್ತದೆ. ಆದರೆ ಚೆಂಡು ಕಾಲಿಗೆ ಬರುವ ಮುಂಚೆಯೇ ಕತ್ತು ತಿರುಗಿಸಿ ಎಲ್ಲಿ ಯಾರಿದ್ದಾರೆ ಅಂತ ನೋಡದಿದ್ದರೆ ಇದರಲ್ಲಿ ಉಳಿಯಲಾಗುವುದಿಲ್ಲ. ಕುಳ್ಳಗಿರುವ ಹುಡುಗನಿಗೆ ಬೇಕಾದ ಅಸ್ತ್ರ ಇದೇ. ಡಿಕ್ಕಿ ಹೊಡೆಯುವವನು ಹತ್ತಿರ ಬರುವಷ್ಟರಲ್ಲಿ ಚೆಂಡು ಹೋಗಿರುತ್ತದೆ.

ಕೋಚ್ ಹತ್ತಿರ ಜಗಳ ಬೇಡ. ವಾರಕ್ಕೆ ಕನಿಷ್ಠ ಅರ್ಧ ಪಂದ್ಯವಾದರೂ ಆಡಿಸಿ ಅಂತ ಕೇಳಿ. ಆಗುವುದೇ ಇಲ್ಲ ಅಂದರೆ ಸಣ್ಣ ತಂಡಕ್ಕೆ ಬದಲಾಯಿಸಿ. ಈ ವಯಸ್ಸಿನಲ್ಲಿ ದೊಡ್ಡ ತಂಡದ ಬೆಂಚಿಗಿಂತ ಸಣ್ಣ ತಂಡದ ಪೂರ್ತಿ ಪಂದ್ಯ ಮೇಲು.

ಪ್ರಶ್ನೆ: ಅಕಾಡೆಮಿ ಸೇರಿದರೆ ಎಸ್ಸೆಸ್ಸೆಲ್ಸಿ ಕೈಬಿಟ್ಟ ಹಾಗೇನಾ? ಮಗ ಓದು ಬೇಡ ಅಂತ ಹಟ ಮಾಡುತ್ತಿದ್ದಾನೆ.
– ಮೈಸೂರಿನ ಓದುಗರು

ಉತ್ತರ: ಅವನಿಗೆ ಸ್ಪೇನಿನ ಆಟಗಾರ ಲಮೀನ್ ಯಮಾಲ್ ವಿಷಯ ಹೇಳಿ. ಯುರೋಪಿನ ದೇಶಗಳು ಆಡುವ 2024ರ ಯುರೋ ಟೂರ್ನಿಗೆ ಜರ್ಮನಿಗೆ ಹೋದಾಗ ಅವನಿಗೆ 16. ಹೋಮ್‌ವರ್ಕ್ ಜೊತೆಗೇ ಒಯ್ದಿದ್ದ. ಟೂರ್ನಿ ನಡೆಯುತ್ತಿರುವಾಗಲೇ ನಮ್ಮ ಹತ್ತನೇ ಕ್ಲಾಸಿಗೆ ಸಮನಾದ ಹಂತ ಪಾಸಾದ. ಸೆಮಿಫೈನಲ್ಲಿನಲ್ಲಿ ಫ್ರಾನ್ಸ್ ವಿರುದ್ಧ ದೂರದಿಂದ ಗೋಲು ಹೊಡೆದ. ಕಪ್ಪನ್ನೂ ಗೆದ್ದ. ಅವನು ಏಳರ ವಯಸ್ಸಿನಿಂದ ಬಾರ್ಸಿಲೋನಾದಲ್ಲೇ ಕಲಿತವನು.

ಎಲ್ಲರೂ ಯಮಾಲ್ ಆಗುವುದಿಲ್ಲ. ಲಾ ಮಾಸಿಯಾದಲ್ಲೂ ಹೆಚ್ಚಿನ ಮಕ್ಕಳು ಮೊದಲ ತಂಡ ಮುಟ್ಟುವುದಿಲ್ಲ. ಮೊಣಕಾಲಿಗೆ ಒಂದು ಪೆಟ್ಟು ಸಾಕು, ದಾರಿಯೇ ಬದಲಾಗುತ್ತದೆ. ಅದಕ್ಕೇ ಅಲ್ಲಿ ಶಾಲೆಯೂ ದಿನಚರಿಯ ಭಾಗ. ಅಕಾಡೆಮಿಯವರು ಶಾಲೆಯ ಮಾತು ಬಂದಾಗ "ಅದೆಲ್ಲ ಆಮೇಲೆ ನೋಡೋಣ" ಅಂದರೆ ಸೇರಿಸಬೇಡಿ.

ಪ್ರಶ್ನೆ: ಮಗಳಿಗೆ 9. ಓಣಿಯ ಹುಡುಗರ ಜೊತೆ ಆಡುತ್ತಾಳೆ. ನೆಂಟರು ಆಡಿಕೊಳ್ಳುತ್ತಾರೆ. ಹುಡುಗಿಯರಿಗೆ ಈ ದಾರಿ ಇದೆಯಾ?
– ಶಿವಮೊಗ್ಗದ ಓದುಗರು

ಉತ್ತರ: ಇದೆ ತಾಯಿ. ಬಾರ್ಸಿಲೋನಾದ ಆಟಗಾರ್ತಿ ಐಟಾನಾ ಬೊನ್ಮಾಟಿ 2023, 2024, 2025, ಸತತ ಮೂರು ಸಲ ಮಹಿಳೆಯರ ಬ್ಯಾಲನ್ ಡಿ'ಓರ್ ಗೆದ್ದಳು. ಚಿಕ್ಕಂದಿನಲ್ಲಿ ಅವಳೂ ಆಡಿದ್ದು ಹುಡುಗರ ತಂಡದಲ್ಲೇ. ಬಾರ್ಸಿಲೋನಾಗೆ ಆಯ್ಕೆಯಾದಾಗ ಮನೆಯಲ್ಲಿ ಕಾರು ಓಡಿಸುವವರು ಇರಲಿಲ್ಲ. ಅಪ್ಪನ ಜೊತೆ ಬಸ್ಸು, ರೈಲು ಹಿಡಿದು ಅಭ್ಯಾಸಕ್ಕೆ ಹೋಗಿಬರುತ್ತಿದ್ದಳು. ಆಗ ಲಾ ಮಾಸಿಯಾದ ವಸತಿಯಲ್ಲಿ ಹುಡುಗಿಯರಿಗೆ ಜಾಗವೇ ಇರಲಿಲ್ಲ. 1979ರಲ್ಲಿ ಶುರುವಾದ ಆ ವಸತಿಗೆ ಹುಡುಗಿಯರು ಕಾಲಿಟ್ಟಿದ್ದು 2021ರಲ್ಲಿ. ತುಂಬಾ ತಡ, ಅಲ್ವಾ?

12–13ರವರೆಗೆ ಹುಡುಗರ ಜೊತೆಯೇ ಆಡಲಿ, ಅದರಿಂದ ವೇಗವೂ ಧೈರ್ಯವೂ ಬರುತ್ತದೆ. ಜೊತೆಗೆ ಹುಡುಗಿಯರ ತಂಡ ಇರುವ ಕ್ಲಬ್ಬು ಎಲ್ಲಿದೆ ಅಂತ ಈಗಿನಿಂದಲೇ ವಿಚಾರಿಸಿಕೊಳ್ಳಿ. ಅವಳ ಕಾಲಿಗೆ ಸರಿಯಾದ ಅಳತೆಯ ಬೂಟು ಕೊಡಿಸಿ. ಅಣ್ಣನ ಹಳೇ ಬೂಟು ಬೇಡ.